ಬಡಗಿಯ ಮಗ ಮಾಡಿದ ಕೆಂಪೇಗೌಡ

ಹೋದ ತಿಂಗಳು ತಮ್ಮನನ್ನು ಕರೆತರಲು ದೇವನಹಳ್ಳಿ ಏರ್‌ಪೋರ್ಟ್‌ಗೆ ಹೋಗಿದ್ದೆ. ವಿಮಾನ ಒಂದು ಗಂಟೆ ತಡ. ಸುಮ್ನೆ ಕೆಂಪೇಗೌಡರ ಪ್ರತಿಮೆ ನೋಡುತ್ತಾ ನಿಂತೆ. ಪಕ್ಕದಲ್ಲಿ ಒಬ್ಬರು ಮಗಳಿಗೆ "108 ಅಡಿ" ಅಂತ ಹೇಳುತ್ತಿದ್ದರು. ಎಲ್ಲರೂ ಎತ್ತರವನ್ನೇ ಹೇಳುತ್ತಾರೆ. ಮಾಡಿದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರು ರಾಮ್ ಸುತಾರ್. 1925ರಲ್ಲಿ ಮಹಾರಾಷ್ಟ್ರದ ಧುಳೆ ಜಿಲ್ಲೆಯ ಗೋಂದೂರಿನಲ್ಲಿ ಹುಟ್ಟಿದವರು. ಮರಾಠಿಯಲ್ಲಿ ಸುತಾರ್ ಅಂದರೆ ಬಡಗಿ. ಅಪ್ಪನ ಕಸುಬೂ ಅದೇ. ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಮೇಲೆ, 1954ರಿಂದ ನಾಲ್ಕು ವರ್ಷ ಪುರಾತತ್ವ ಇಲಾಖೆಯಲ್ಲಿ ದುಡಿದರು. ಅಜಂತಾ, ಎಲ್ಲೋರಾದ ಹಳೇ ಶಿಲ್ಪಗಳನ್ನು ಸರಿಪಡಿಸುವ ಕೆಲಸ. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಈ ನಾಲ್ಕು ವರ್ಷ. ಸಾವಿರ ವರ್ಷದ ಹಿಂದೆ ಯಾರೋ ಕಡೆದದ್ದಕ್ಕೆ ನಮ್ಮ ಗುರುತು ಕಾಣದ ಹಾಗೆ ಕೈ ಹಾಕಬೇಕು. ಅದಕ್ಕಿಂತ ದೊಡ್ಡ ಪಾಠ ಉಂಟಾ?

ಆಮೇಲೆ ದೆಹಲಿಯಲ್ಲಿ ಸರ್ಕಾರಿ ನೌಕರಿ. 1959ರಲ್ಲಿ ಅದನ್ನೂ ಬಿಟ್ಟರು. ಮಧ್ಯಪ್ರದೇಶದ ಗಾಂಧಿಸಾಗರ ಅಣೆಕಟ್ಟಿನ ಹತ್ತಿರ ಚಂಬಲ್ ನದಿಯನ್ನೇ ತಾಯಿಯಾಗಿ ತೋರಿಸುವ 45 ಅಡಿಯ ಪ್ರತಿಮೆ ಮಾಡಿದರು. ಜೊತೆಗೆ ಇಬ್ಬರು ಮಕ್ಕಳು. ಒಬ್ಬ ಮಧ್ಯಪ್ರದೇಶ, ಇನ್ನೊಬ್ಬ ರಾಜಸ್ಥಾನ. ಒಂದೇ ನದಿಯ ನೀರು ಕುಡಿಯುವ ಅಣ್ಣತಮ್ಮಂದಿರು! ಇದನ್ನು ಅಚ್ಚಿಗೆ ಎರೆದು ತೆಗೆದದ್ದಲ್ಲ. ಇಡೀ ಕಾಂಕ್ರೀಟ್ ಗಟ್ಟಿಯನ್ನು ಉಳಿ ಹಿಡಿದು ಕಡೆದದ್ದು. ಕಾಂಕ್ರೀಟ್ ಕೆತ್ತಿದವರಿಗೆ ಗೊತ್ತು, ಉಳಿ ಜಲ್ಲಿಗೆ ತಗುಲಿದರೆ ಜಲ್ಲಿಯೇ ಕಿತ್ತು ಬರುತ್ತದೆ. ಮೂಗಿನ ತುದಿಯಲ್ಲಿ ಹಾಗಾದರೆ ಏನು ಮಾಡೋದು, ಅಲ್ವಾ?

ನಾನು ಮಣ್ಣಿನ ಕೆಲಸ ಕಲಿಯುವಾಗ ಎರಡಡಿಯ ಗಾಂಧಿ ತಲೆ ಮಾಡಿದ್ದೆ. ಮಣ್ಣನ್ನು ಹಿಡಿದು ನಿಲ್ಲಿಸುವ ಒಳಗಿನ ತಂತಿ ತೀರಾ ತೆಳು. ಸಂಜೆ ಒದ್ದೆ ಬಟ್ಟೆ ಸುತ್ತಿಟ್ಟು ಬಂದೆ. ಬೆಳಗ್ಗೆ ಬಿಚ್ಚಿದರೆ ಗದ್ದ ಎದೆಗೆ ಇಳಿದಿತ್ತು. ಕನ್ನಡಕದ ಒಂದು ಕಡೆ ಮಣ್ಣಿನೊಳಗೆ ಮುಳುಗಿತ್ತು. ಅವತ್ತಿನಿಂದ ಯಾವ ಪ್ರತಿಮೆ ನೋಡಿದರೂ ಮೊದಲು ಯೋಚಿಸುವುದು ಒಳಗೇನಿದೆ ಅಂತ. ಕೆಂಪೇಗೌಡರಲ್ಲಿ ಹೊರಗಿನ ಕಂಚು 98 ಟನ್, ಒಳಗಿನ ಉಕ್ಕು 120 ಟನ್. ಕಾಣುವುದಕ್ಕಿಂತ ಕಾಣದಿರುವುದೇ ಜಾಸ್ತಿ. ದೆಹಲಿಯಿಂದ ಲಾರಿಯಲ್ಲಿ ಬಂದ ಖಡ್ಗ ಒಂದೇ 4 ಟನ್. 2022ರ ನವೆಂಬರ್‌ನಲ್ಲಿ ಪ್ರತಿಮೆ ಉದ್ಘಾಟನೆಯಾದಾಗ ಸುತಾರ್ ಅವರಿಗೆ 97 ವರ್ಷ.

ಗುಜರಾತಿನ 182 ಮೀಟರಿನ ಪಟೇಲರೂ ಅವರದೇ. ಅದರ ಬಗ್ಗೆ ಎಲ್ಲರೂ ಬರೆದಾಗಿದೆ. ನನ್ನ ಮನಸ್ಸು ಹೋಗುವುದು ನಮ್ಮ ವಿಧಾನಸೌಧದ ಪಕ್ಕ ಧ್ಯಾನಕ್ಕೆ ಕೂತ ಗಾಂಧಿಯ ಕಡೆಗೆ. ಅದೂ ಇವರೇ ಮಾಡಿದ್ದು. ಆ ದಾರಿಯಲ್ಲಿ ಹೋದರೆ ಒಂದು ನಿಮಿಷ ನಿಂತು ಆ ಕುತ್ತಿಗೆ ನೋಡಿ. ತಲೆ ಸ್ವಲ್ಪವೇ ಬಾಗಿದೆ. ನನ್ನ ಮಣ್ಣಿನಲ್ಲಿ ನನಗೆ ಬೇಕಾಗಿದ್ದದ್ದು ಅಷ್ಟೇ ಬಾಗು.