ಮೂಗಿಗಿಂತ ಮೂಗುತಿ ಭಾರ

"ಯಾರಿಗ್ರೀ ಇಂಜೆಕ್ಷನ್?" ಮೆಡಿಕಲ್ ಶಾಪಿನ ಹುಡುಗ ಕೇಳಿದ. ವಿಮಾನಕ್ಕೆ ಅನ್ನಲು ನಾಲಿಗೆ ಹೊರಳಲಿಲ್ಲ. "ಒಂದು ಕೆಲಸಕ್ಕ ಬೇಕಾಗ್ಯಾವಪಾ" ಅಂದೆ. 21 ಮತ್ತು 26 ನಂಬರಿನ ಸೂಜಿ ಸುಮ್ಮನೆ ತೆಗೆದಿಟ್ಟವನು 18 ಅಂದಾಗ ನನ್ನ ಮುಖ ನೋಡಿದ. "ಅದು ಭಾಳ ದಪ್ಪ ಇರ್ತದ್ರೀ. ದನಕ್ಕೇನ್ರೀ?" ಪಕ್ಕದಲ್ಲಿ ನಿಂತಿದ್ದ ಹೆಂಗಸು ಒಂದು ಹೆಜ್ಜೆ ಸರಿದರು. "ಹೌದಪಾ, ದನಕ್ಕ" ಅಂದುಬಿಟ್ಟೆ.

ವಿವರಿಸುತ್ತ ಕೂರಲು ಸಮಯ ಇರಲಿಲ್ಲ. ಸೆಪ್ಟೆಂಬರ್ 26ಕ್ಕೆ ಹನ್ನೆರಡೇ ದಿನ ಉಳಿದಿತ್ತು. 1963ರಲ್ಲಿ ನಮ್ಮ ವಾಯುಪಡೆ ಸೇರಿದ ಮಿಗ್-21 ಯುದ್ಧವಿಮಾನಕ್ಕೆ 2025ರ ಆ ದಿನ ಚಂಡೀಗಢದಲ್ಲಿ ಬೀಳ್ಕೊಡುಗೆ. ಅಷ್ಟರೊಳಗೆ ರಾಯಚೂರಿನ ನಮ್ಮ ಮನೆಯ ಮೇಜಿನ ಮೇಲೆ ನಾನು ಜೋಡಿಸುತ್ತಿದ್ದ ಪುಟ್ಟ ಮಾದರಿ ಮಿಗ್ ಪೂರ್ತಿಯಾಗಬೇಕು ಅಂತ ನನಗೆ ನಾನೇ ಗಡುವು ಹಾಕಿಕೊಂಡಿದ್ದೆ. ಯಾರೂ ಕೇಳಿರಲಿಲ್ಲ ಬಿಡಿ.

ಅದು ಟ್ರಂಪೆಟರ್ ಕಂಪನಿಯ 1/32 ಅಳತೆಯ, ಅಂದರೆ ನಿಜ ವಿಮಾನದ ಮೂವತ್ತೆರಡನೇ ಒಂದರಷ್ಟು ಉದ್ದದ, ಮಿಗ್-21ಎಂಎಫ್ ಕಿಟ್. ನಾಸಿಕದ ಎಚ್‌ಎಎಲ್‌ನಲ್ಲಿ ತಯಾರಾದ ಮಿಗ್-21ಎಂಗೂ ಇದಕ್ಕೂ ಮುಖ್ಯ ವ್ಯತ್ಯಾಸ ಎಂಜಿನ್ನಿನದು, ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರು. 1/72 ಅಳತೆಯಲ್ಲಿ ಇದೇ ವಿಮಾನ ಒಂದು ಗೇಣು. ಪೈಲಟ್ ಸೀಟಿನ ಬೆಲ್ಟನ್ನು ಕುಂಚದಲ್ಲಿ ಒಂದು ಗೆರೆ ಎಳೆದು ಮುಗಿಸಬಹುದು. 1/32ರಲ್ಲಿ ಅದು ಮೊಳದುದ್ದ. ಬೆಲ್ಟಿಗೆ ಬಕಲ್ ಕಾಣಬೇಕು, ಮೀಟರುಗಳಿಗೆ ಮುಳ್ಳು ಕಾಣಬೇಕು. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ತುಂಡುಗಳಿಗೆ ಅಷ್ಟು ಸೂಕ್ಷ್ಮ ಇರುವುದಿಲ್ಲ. ಅದಕ್ಕೇ ಆಫ್ಟರ್‌ಮಾರ್ಕೆಟ್, ಅಂದರೆ ಬೇರೆ ಕಂಪನಿಗಳು ಮಾಡಿ ಮಾರುವ ಬಿಡಿಭಾಗಗಳ ಒಂದು ಲೋಕವೇ ಇದೆ. ಜೆಕ್ ದೇಶದ ಎಡುವಾರ್ಡ್‌ನವರು ಹಿತ್ತಾಳೆಯ ತೆಳು ತಗಡನ್ನು ಆಸಿಡ್‌ನಲ್ಲಿ ಕೊರೆದು, ಬಣ್ಣ ಸಮೇತ ಮೀಟರ್ ಫಲಕ ಮಾಡುತ್ತಾರೆ. ಅಲ್ಲಿಯವರೇ ಆದ ಐರಿಸ್ ಕಂಪನಿಯದು ರೆಸಿನ್ (ಅಚ್ಚಿನಲ್ಲಿ ಹೊಯ್ದ ರಾಳ) ಕಾಕ್‌ಪಿಟ್, ಎಚ್‌ಜಿಡಬ್ಲ್ಯೂನವರದು ಬಟ್ಟೆಯಂಥ ಬೆಲ್ಟು. ಪೋಲೆಂಡಿನ ಮಾಸ್ಟರ್ ಕಂಪನಿ ಲೇತಿನಲ್ಲಿ ಕಡೆದ ಹಿತ್ತಾಳೆಯ ಬಂದೂಕು ನಳಿಕೆ, ವೇಗ ಅಳೆಯುವ ಪಿಟೋ ಕೊಳವೆ ಮಾರುತ್ತದೆ. ಎಲ್ಲ ಕೊಂಡರೆ ಕಿಟ್ಟಿನ ಬೆಲೆಯನ್ನೇ ದಾಟುತ್ತದೆ. ಲೆಕ್ಕ ನೋಡಿದ ನನ್ನ ಹೆಂಡತಿ, "ಮೂಗಿಗಿಂತ ಮೂಗುತಿನ ಭಾರ ಆತಲ್ರೀ" ಅಂದಳು.

ದುಡ್ಡಿಗಿಂತ ಕಷ್ಟದ್ದು, ಯಾವ ಭಾಗ ಯಾವ ವಿಮಾನದ್ದು ಅಂತ ತಿಳಿಯುವುದು. ನಾನು ಮೊದಲು ತರಿಸಿದ್ದು ರೆಸಿನ್ ಸೀಟು. ಚೀಟಿಯ ಮೇಲೆ 1/32 ಮಿಗ್-21 ಅಂತಷ್ಟೇ ಓದಿ ಕೊಂಡೆ. ಬಂದದ್ದು ಎಸ್‌ಕೆ ಸೀಟು, ಕಾಕ್‌ಪಿಟ್ಟಿನ ಗಾಜಿನ ಮುಚ್ಚಳ ಮುಂದಕ್ಕೆ ತೆರೆಯುವ ಹಳೇ ಮಾದರಿಯದು. ನಮ್ಮ ವಾಯುಪಡೆಯ ಹಳೇ ಮಿಗ್-21ಎಫ್‌ಎಲ್‌ಗಳದ್ದು ಅಂಥದೇ. ನನ್ನದರಲ್ಲಿ ಮುಚ್ಚಳ ಬಲಕ್ಕೆ ತೆರೆಯುತ್ತದೆ, ಸೀಟು ಕೆಎಂ-1, ಆಕಾರವೇ ಬೇರೆ. ಎರಡೂವರೆ ಸಾವಿರದ ಆ ಸೀಟು ಈಗಲೂ ಡಬ್ಬಿಯಲ್ಲಿ ಖಾಲಿ ಕೂತಿದೆ. ಕಿಟ್ಟಿನ ಸೀಟಿಗೇ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಕತ್ತರಿಸಿ ಬೆಲ್ಟು ಹಾಕಿದೆ. ಚೆನ್ನಾಗೇ ಬಂತು. (ನಾನು ಸೇದುವುದಿಲ್ಲ. ಪ್ಯಾಕು ಮೂಲೆಯ ಪಾನ್ ಅಂಗಡಿಯದು.)

ಆಮೇಲೆ ಪಿಟೋ. ಮಿಗ್‌ನ ಮೂತಿಯಿಂದ ಈಟಿಯಂತೆ ಮುಂದಕ್ಕೆ ಚಾಚಿರುವ ಕೊಳವೆ ಅದು. ಎದುರಿನಿಂದ ನುಗ್ಗುವ ಗಾಳಿಯ ಒತ್ತಡದಿಂದ ವೇಗ ಅಳೆಯುತ್ತದೆ. ಕಿಟ್ಟಿನ ಪ್ಲಾಸ್ಟಿಕ್ ಪಿಟೋಗೆ ಉದ್ದಕ್ಕೂ ಅಚ್ಚಿನ ಗೆರೆ. ಗೆರೆ ಉಜ್ಜಿದರೆ ದುಂಡು ಹೋಗಿ ಚಪ್ಪಟೆಯಾಗುತ್ತದೆ. ನಾನು ಉಜ್ಜುವಾಗ ಚಪ್ಪಟೆಯೂ ಆಯಿತು, ನಡುವೆ ಪಟಕ್ಕನೆ ಮುರಿಯಿತು. ಪೋಲೆಂಡಿನ ಹಿತ್ತಾಳೆಯದಕ್ಕೆ ಒಬ್ಬ ವ್ಯಾಪಾರಿಗೆ ದುಡ್ಡು ಕಳಿಸಿದೆ. ಪೊಟ್ಟಣ ಭಾರತಕ್ಕೆ ಬಂದಿದೆ ಅಂತ ತೋರಿಸಿದ ಮೇಲೆ ಐದು ವಾರ ಒಂದೇ ಕಡೆ ಕೂತಿತು. ಕಸ್ಟಮ್ಸ್ ಪಟ್ಟಿಯಲ್ಲಿ ಸ್ಕೇಲ್ ಮಾಡೆಲ್ಲು, ಗೊಂಬೆ, ಮಕ್ಕಳ ಮೂರು ಗಾಲಿ ಸೈಕಲ್ಲು ಎಲ್ಲ ಒಂದೇ ಗುಂಪು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಐವತ್ತಕ್ಕೆ ಹತ್ತಿರವಾದ ನಾನು ಆ ಲೆಕ್ಕದಲ್ಲಿ ಆಟಿಕೆ ತರಿಸುವ ಕೂಸು.

ಸೂಜಿಯ ಯೋಚನೆ ಬಂದದ್ದು ಆಗ. 18 ನಂಬರಿನ ಸೂಜಿಯ ಹೊರಗಿನ ದಪ್ಪ 1.27 ಮಿಲಿಮೀಟರ್, ಒಳಗಿನ ತೂತು 0.84. 21 ನಂಬರಿನದರ ದಪ್ಪ 0.82, ತೂತು 0.51. 26ರದು 0.46. ಅಂದರೆ ಒಂದರೊಳಗೆ ಒಂದು ಕೂರುತ್ತವೆ. ದಪ್ಪ, ಸಣ್ಣ, ಇನ್ನೂ ಸಣ್ಣ: ಪಿಟೋ ಇರುವುದೂ ಹಾಗೇ, ಮೆಟ್ಟಿಲು ಮೆಟ್ಟಿಲಾಗಿ.

ಮನೆಗೆ ತಂದು ಚೂಪು ತುದಿಯನ್ನು ಇಕ್ಕಳದಲ್ಲಿ ಕತ್ತರಿಸಿದೆ. ಬಾಯಿ ಮುಚ್ಚಿಕೊಂಡಿತು, ಒಳಗೆ ಕೂದಲೂ ಹೋಗದು. ಎರಡನೆಯದೂ ಅದೇ ಕಥೆ. ಉಳಿದ ಸೂಜಿಗಳನ್ನು ಕಾಗದದಲ್ಲಿ ಸುತ್ತಿಕೊಂಡು ಸರಾಫ್ ಬಜಾರಿಗೆ, ನಮ್ಮ ಮನೆಯ ಪತ್ತಾರ ಕಾಕಾನ ಹತ್ತಿರ ಹೋದೆ. ತಂಗಿಯ ಮದುವೆಯ ಒಡವೆ ಮಾಡಿದವರು.

ಕಾಕಾ ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು ನಾನು ಕತ್ತರಿಸಿದ ತುದಿ ನೋಡಿದರು. "ಹಿಂಗ ಕಚ್ಚಿದ್ರ ಹೆಂಗ ತಮ್ಮಾ? ಕಬ್ಬು ಅಂದ್ಕೊಂಡೀ ಏನು?" ಮರದ ಹಲಗೆಯ ಮೇಲೆ ಸೂಜಿ ಇಟ್ಟು, ಅದರ ಮೇಲೆ ಚಾಕುವಿನಂತೆ ಅಂಚಿರುವ ಸಣ್ಣ ಅರವನ್ನು ಅಡ್ಡ ಹಿಡಿದರು. ಅರ ಒತ್ತಲಿಲ್ಲ, ಹಿಂದೆ ಮುಂದೆ ಎಳೆದರು. ಅದರ ಕೆಳಗೆ ಸೂಜಿ ಚಪಾತಿ ಲಟ್ಟಣಿಗೆಯಂತೆ ಉರುಳಿತು. ಹತ್ತು ಹದಿನೈದು ಸಲ ಉರುಳಿದ ಮೇಲೆ ಸುತ್ತಲೂ ಕೂದಲೆಳೆಯಂಥ ಗೆರೆ ಬಿತ್ತು. ಎರಡು ಕೈಯ ಉಗುರಿನಿಂದ ಹಿಡಿದು ಬಗ್ಗಿಸಿದರು. ಟಿಕ್. ತೂತು ದುಂಡಗೇ ಇತ್ತು. ಒಳಗೆ ಇನ್ನೊಂದು ಸೂಜಿಯ ತುದಿ ಹೊಗಿಸಿ ಒಮ್ಮೆ ತಿರುಗಿಸಿ, "ಹಾಂ" ಅಂದರು.

ಫೋನಿನಲ್ಲಿ ವಿಮಾನದ ಫೋಟೊ ತೋರಿಸಿದೆ. ಅವರ ಕಣ್ಣು ನೇರ ಮೂತಿಗೇ ಹೋಯಿತು. "ಇದರ ನತ್ತು ಬಲಗಡಿ ಐತಲ್ಲ?" ಎಫ್‌ಎಲ್‌ನಲ್ಲಿ ಮೂತಿಯ ಮೇಲೆ ನಟ್ಟನಡುವೆ ಇದ್ದದ್ದು ಆಮೇಲಿನವುಗಳಲ್ಲಿ ಬಲಕ್ಕೆ ಸರಿಯಿತು ಅಂದೆ. ಮಿಗ್-21 ನೋಡಿ ಅಷ್ಟು ಬೇಗ ಆ ಪ್ರಶ್ನೆ ಕೇಳಿದವರನ್ನು ನಾನು ಮತ್ತೆ ಕಂಡಿಲ್ಲ. ಕೊಳವೆಯ ಮೇಲಿನ ಪುಟ್ಟ ರೆಕ್ಕೆಗಳನ್ನೂ ಅವರೇ ಹಿತ್ತಾಳೆ ತಗಡಿನಲ್ಲಿ ಕತ್ತರಿಸಿದರು. ಒಂದೊಂದು ಎಳ್ಳಿಗಿಂತ ಸಣ್ಣದು. ಒಂದು ಹಾರಿ ಎಲ್ಲೋ ಬಿತ್ತು. ಚಿನ್ನದ ಪುಡಿ ಗುಡಿಸುವ ಕುಂಚದಿಂದಲೇ ಹುಡುಕಿದರು, ಸಿಗಲಿಲ್ಲ. ಇನ್ನೊಂದು ಕತ್ತರಿಸಿದರು. ಉಕ್ಕಿಗೆ ತಮ್ಮ ಬೆಸುಗೆ ನಿಲ್ಲುವುದಿಲ್ಲ ಅಂದದ್ದಕ್ಕೆ ಅಂಟಿಸುವ ಕೆಲಸ ನನಗೇ ಉಳಿಯಿತು. ಎಷ್ಟು ಕೊಡಲಿ ಅಂದೆ. "ನೂರು ಕೊಡು. ಚಾ ನಂದು."

26ರ ಶುಕ್ರವಾರ ಟಿವಿಯಲ್ಲಿ ಮಿಗ್‌ಗಳು ಇಳಿದಾಗ ನನ್ನದಕ್ಕೆ ಬಣ್ಣ ಆಗಿತ್ತು, ವಾಯುಪಡೆಯ ತ್ರಿವರ್ಣ ಚಕ್ರದ ಗುರುತು ಅಂಟಿಸಿರಲಿಲ್ಲ. ಪೋಲೆಂಡಿನ ಪೊಟ್ಟಣ ಇನ್ನೂ ಬಂದಿರಲಿಲ್ಲ. ಮೇಜು ಒರೆಸಲು ಬಂದ ಹೆಂಡತಿಗೆ ಮೂತಿ ಚುಚ್ಚಿತು. "ಇಂಜೆಕ್ಷನ್ ಅಂತ ತಂದಿದ್ದು ನನಗ ಏನ್ರೀ?" ಅಂತ ಬೈದಳು. ನಿಜ ವಿಮಾನ ನೆಲದ ಮೇಲೆ ನಿಂತಾಗ ಪಿಟೋಗೆ ಕೆಂಪು ಗವಸು ಹಾಕುತ್ತಾರೆ. ಕಸದ ಬುಟ್ಟಿಯಿಂದ 18 ನಂಬರಿನ ಸೂಜಿಯ ಪ್ಲಾಸ್ಟಿಕ್ ಮುಚ್ಚಳ ಹುಡುಕಿ ತೆಗೆದು, ಕೆಂಪು ಬಳಿದು, ಒಣಗಿದ ಮೇಲೆ ಮೂತಿಗೆ ತೊಡಿಸಿದೆ.