ಹಳೆಯ ಹೂಚಿತ್ರಗಳ ಹಿಂದಿನ ತೋಟಗಾರರು

ಮನೆಗೆ ಬಂದವರು ಗೋಡೆಯ ಮೇಲಿನ ಹಳೆಯ ಇಂಗ್ಲಿಷ್ ಸಸ್ಯಚಿತ್ರಗಳನ್ನು ನೋಡಿ ತಪ್ಪದೆ ಕೇಳುತ್ತಾರೆ: “ಇವನ್ನು ಬಿಡಿಸಿದವರು ಯಾರು?” ಚಿತ್ರಕಾರನ ಹೆಸರು ಹೇಳಿದರೆ ಅವರಿಗೆ ಸಮಾಧಾನ. ನನಗೆ ಮಾತ್ರ ಅದು ಅರ್ಧ ಉತ್ತರ ಅನಿಸುತ್ತದೆ. ದೂರದೇಶದ ಗಿಡವೊಂದನ್ನು ಲಂಡನ್ನಿನ ಚಳಿಯಲ್ಲಿ ಉಳಿಸಿಕೊಂಡು, ಅದು ಹೂ ಬಿಡುವಂತೆ ಮಾಡಿದವನಿಲ್ಲದೆ ಚಿತ್ರಕಾರನಿಗೆ ಕೆಲಸವೇ ಇರುತ್ತಿರಲಿಲ್ಲ.

ಎಷ್ಟೋ ಸಲ ಚಿತ್ರ ಮಾಡಿಸುತ್ತಿದ್ದವನೂ ಅವನೇ. ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ಸಸಿ ಮಾರುತ್ತಿದ್ದ ರಾಬರ್ಟ್ ಫರ್ಬರ್ 1730ರಲ್ಲಿ ತಿಂಗಳಿಗೊಂದರಂತೆ ಹನ್ನೆರಡು ಹೂಗುಚ್ಛಗಳ ಚಿತ್ರ ತಂದ. ನಾನೂರಕ್ಕೂ ಹೆಚ್ಚು ಹೂಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ, ಕೆಳಗೆ ಹೆಸರುಗಳ ಪಟ್ಟಿ. ಇಂದು ಕಲೆಯೆಂದು ಕಟ್ಟು ಹಾಕಿಸಿ ತೂಗುಹಾಕುವುದು ಅಂದಿನ ನರ್ಸರಿಯ ಜಾಹೀರಾತು!

ವಿಲಿಯಂ ಕರ್ಟಿಸ್ ಔಷಧಿ ವ್ಯಾಪಾರ ಬಿಟ್ಟು ಗಿಡಗಳ ಹಿಂದೆ ಬಿದ್ದವನು. ಲಂಡನ್ ಸುತ್ತಲಿನ ಕಾಡುಗಿಡಗಳ ಬಗ್ಗೆ ದೊಡ್ಡ ಗ್ರಂಥ ಮಾಡಿ ನಷ್ಟ ಅನುಭವಿಸಿದ. ತಮ್ಮ ಹಾದಿಬದಿಯ ಕಳೆಯ ಚಿತ್ರಕ್ಕೆ ಜನ ಏಕೆ ದುಡ್ಡು ಕೊಟ್ಟಾರು? 1787ರಲ್ಲಿ ತೋಟದ ಅಲಂಕಾರಿಕ ಗಿಡಗಳಿಗೆಂದೇ ‘ಬೊಟಾನಿಕಲ್ ಮ್ಯಾಗಜೀನ್’ ಆರಂಭಿಸಿದ. ತಿಂಗಳಿಗೆ ಮೂರು ಚಿತ್ರ, ಬೆಲೆ ಒಂದು ಶಿಲ್ಲಿಂಗ್. ಇದು ಕೈಹಿಡಿಯಿತು.

ಬಣ್ಣ ಹಚ್ಚುತ್ತಿದ್ದವರ ಹೆಸರು ಮಾತ್ರ ಸಿಗುವುದೇ ಅಪರೂಪ. ತಾಮ್ರದ ತಗಡಿನಲ್ಲಿ ಕೆತ್ತಿದ ಗೆರೆಗಳು ಅಚ್ಚಾದ ಮೇಲೆ, ಚಿತ್ರಕಾರನ ಮಾದರಿ ಹಾಳೆಯನ್ನು ಎದುರಿಗಿಟ್ಟುಕೊಂಡು ಒಂದೊಂದು ಪ್ರತಿಗೂ ಕೈಯಿಂದಲೇ ಜಲವರ್ಣ ತುಂಬಬೇಕಿತ್ತು. ಕರ್ಟಿಸ್ ಬಳಿ ಈ ಕೆಲಸಕ್ಕೆ ಸುಮಾರು 30 ಜನರಿದ್ದರು. ಹಾಗಾಗಿ ಒಂದೇ ಚಿತ್ರದ ಎರಡು ಪ್ರತಿಗಳು ಒಂದೇ ರೀತಿ ಇರುವುದಿಲ್ಲ. ಈ ಪತ್ರಿಕೆಯಲ್ಲಿ ಕೈಬಣ್ಣ 1948ರವರೆಗೂ ನಡೆಯಿತು ಎಂದರೆ ನಂಬುವುದು ಕಷ್ಟ. ಭೂತಗನ್ನಡಿ ಹಿಡಿದಾಗ ಬಣ್ಣವೆಲ್ಲ ಸಣ್ಣ ಸಣ್ಣ ಚುಕ್ಕಿಗಳಾಗಿ ಕಂಡರೆ ಅದು ಯಂತ್ರದ ಮುದ್ರಣ. ಗೆರೆ ದಾಟಿ ಚಾಚಿದ ಕುಂಚದ ಗುರುತು ಕಂಡರೆ ಕೈಕೆಲಸ. ಆದರೆ ಬರಿಯ ಗೆರೆಚಿತ್ರಕ್ಕೆ ಇತ್ತೀಚೆಗೆ ಬಣ್ಣ ಹಚ್ಚಿ ಮಾರುವವರೂ ಇದ್ದಾರೆ, ಎಚ್ಚರ.

ನನ್ನ ಮೆಚ್ಚಿನ ತೋಟಗಾರ ಜೋಸೆಫ್ ಪ್ಯಾಕ್ಸ್‌ಟನ್. ಚಾಟ್ಸ್‌ವರ್ತ್‌ನಲ್ಲಿ ಡೆವನ್‌ಶೈರ್ ಡ್ಯೂಕನ ತೋಟ ನೋಡಿಕೊಳ್ಳುತ್ತಲೇ 1834ರಿಂದ ಬಣ್ಣದ ಚಿತ್ರಗಳ ಸಸ್ಯಪತ್ರಿಕೆಯೊಂದನ್ನು ನಡೆಸಿದ. ಅಮೆಜಾನಿನ ದೈತ್ಯ ನೈದಿಲೆ ಇಂಗ್ಲೆಂಡಿನಲ್ಲಿ ಮೊದಲು ಅರಳಿದ್ದು 1849ರಲ್ಲಿ, ಲಂಡನ್ನಿನ ಹೆಸರಾಂತ ಕ್ಯೂ ಸಸ್ಯೋದ್ಯಾನದಲ್ಲಲ್ಲ, ಇವನ ಬಿಸಿನೀರಿನ ಕೊಳದಲ್ಲಿ. ಅದರ ಎಲೆಯ ಮೇಲೆ ತನ್ನ ಪುಟ್ಟ ಮಗಳನ್ನೇ ನಿಲ್ಲಿಸಿ ತೋರಿಸಿದ. ಅದಕ್ಕೂ ಮುಂಚೆ, 1835ರಲ್ಲಿ, ಮಾರಿಷಸ್ ಕಡೆಯಿಂದ ಬಂದ ಗಿಡ್ಡ ಬಾಳೆಯೊಂದು ಅವನ ಗಾಜಿನ ಮನೆಯಲ್ಲಿ ಹೂಬಿಟ್ಟಿತ್ತು. ಅದಕ್ಕೆ ಇಟ್ಟದ್ದು ಒಡೆಯನ ಮನೆತನದ ಹೆಸರು, ಕ್ಯಾವೆಂಡಿಶ್. ನಮ್ಮ ಅಂಗಡಿಗಳ ಪಚ್ಚಬಾಳೆ ಇದೇ ಬಳಗದ್ದು. ಬೆಳೆಸಿದವನ ಹೆಸರು ಹಣ್ಣಿಗೆ ಅಂಟಲಿಲ್ಲ.

ಹಾಗಾದರೆ ಬೆಳೆಸಿದವರ ಹೆಸರು ಸಿಗುವುದೆಲ್ಲಿ? ಚಿತ್ರದ ಜೊತೆಗಿದ್ದ ಬರಹದ ಹಾಳೆಯಲ್ಲಿ. ಗಿಡ ಯಾರ ನರ್ಸರಿಯಲ್ಲಿ ಹೂಬಿಟ್ಟಿತು, ಬೀಜ ಎಲ್ಲಿಂದ ಬಂತು, ಚಳಿಗಾಲದಲ್ಲಿ ಎಲ್ಲಿಡಬೇಕು ಎಂಬುದನ್ನೆಲ್ಲ ಕರ್ಟಿಸ್ ಅಲ್ಲಿ ಬರೆಯುತ್ತಿದ್ದ. ಹ್ಯಾಮರ್‌ಸ್ಮಿತ್‌ನ ಜೇಮ್ಸ್ ಲೀಯಂಥ ಸಸಿ ವ್ಯಾಪಾರಿಗಳು ಸಿಗುವುದೂ ಅಲ್ಲಿಯೇ. ಪುಸ್ತಕ ಹರಿದು ಚಿತ್ರಗಳನ್ನು ಬಿಡಿಯಾಗಿ ಮಾರುವವರು ಆ ಹಾಳೆಯನ್ನು ಎಸೆದುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಇದಕ್ಕೇ. ನೀವು ಕೊಳ್ಳುವುದಾದರೆ ಮೊದಲು ಆ ಹಾಳೆ ಇದೆಯೇ ಎಂದು ಕೇಳಿ. ಇದ್ದರೆ ಚಿತ್ರದ ಅಂಚು ಸ್ವಲ್ಪ ಮಾಸಿದ್ದರೂ ಬಿಡಬೇಡಿ.