ವಾಪಸು ಕೊಡಲಾಗದ ಕಾರ್ಡ್

ಸ್ಟಾಕ್‌ಹೋಮ್‌ನ ಕಚೇರಿಯೊಂದರಲ್ಲಿ ಯಾರಿಗೆ ಯಾವ ಬಾಗಿಲು ತೆರೆಯಬೇಕು ಎಂಬ ಪಟ್ಟಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ. ಈ ಊರಿನ ಎಪಿಸೆಂಟರ್ ಕಚೇರಿ ಸಂಕೀರ್ಣದಲ್ಲಿ 2015ರಲ್ಲೇ ಜನ ಕಾರ್ಡಿನ ಬದಲು ಬಾಗಿಲು ತೆರೆಯಲು ಕೈಯ ಚರ್ಮದಡಿ ಪುಟ್ಟ ಚಿಪ್ ಹಾಕಿಸಿಕೊಂಡಿದ್ದರು. 2017ರಲ್ಲಿ ಸ್ವೀಡನ್ನಿನ ಎಸ್‌ಜೆ ರೈಲು ಸಂಸ್ಥೆ ಅದನ್ನೇ ಟಿಕೆಟ್ಟಿನ ಬದಲು ಒಪ್ಪತೊಡಗಿತು. ಆದ್ದರಿಂದ ಸಹೋದ್ಯೋಗಿಯೊಬ್ಬರು ಕೈ ಚಾಚಿ, "ಕಾರ್ಡ್ ಬೇಡ, ಇದನ್ನು ಸೇರಿಸಿಕೊಳ್ಳಿ" ಎಂದಾಗ ನನಗೆ ಅಚ್ಚರಿಯಾಗಲಿಲ್ಲ.

ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ, ಚರ್ಮದಡಿಯಲ್ಲಿ, 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪದ ಗಾಜಿನ ಕೊಳವೆ. ಮೆಲ್ಲಗೆ ಒತ್ತಿದರೆ ದಪ್ಪ ಅಕ್ಕಿಕಾಳಿನಂತೆ ಬೆರಳಿಗೆ ಸಿಗುತ್ತದೆ. ಅದರೊಳಗಿನ ಆಂಟೆನಾ ತೀರಾ ಚಿಕ್ಕದು. ಕಾರ್ಡಿನಂತೆ ದೂರದಿಂದ ತೋರಿಸಿದರೆ ಸಾಲದು. ಅವರು ಕೈಯನ್ನು ಓರೆ ಮಾಡಿ, ಬಾಗಿಲ ಬಳಿ ಕಾರ್ಡ್ ಓದುವ ಸಾಧನವಾದ ರೀಡರ್‌ಗೆ ತಾಗಿಸಿ, ಇನ್ನಷ್ಟು ತಿರುಗಿಸಿದ ಮೇಲೆ ಹಸಿರು ದೀಪ ಹತ್ತಿತು.

"ಹಾಗಾದರೆ ಅವರು ಎಲ್ಲಿ ಹೋದರೂ ನಿಮಗೆ ಗೊತ್ತಾಗುತ್ತದೆಯೇ?" ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಕೇಳಿದರು. ಇಲ್ಲ. ಅದರಲ್ಲಿ ಬ್ಯಾಟರಿಯೂ ಇಲ್ಲ, ಜಿಪಿಎಸ್ ಕೂಡ ಇಲ್ಲ. ರೀಡರ್ ಹೊಮ್ಮಿಸುವ 13.56 ಮೆಗಾಹರ್ಟ್ಸ್ ರೇಡಿಯೊ ಅಲೆಯಿಂದ ಕ್ಷಣಕಾಲ ಶಕ್ತಿ ಪಡೆದು, ತನ್ನ ಸಂಖ್ಯೆ ಹೇಳಿ ಸುಮ್ಮನಾಗುತ್ತದೆ. ಬಾಗಿಲು ತೆರೆಯುವುದು ಚಿಪ್ ಅಲ್ಲ, ನನ್ನ ಪಟ್ಟಿ. ಅಮ್ಮನಿಗೆ ಇಷ್ಟು ವಿವರಿಸಿದ ನಾನೇ ಅದನ್ನು ಮರೆತೆ.

ಆ ಸಹೋದ್ಯೋಗಿ ಕೆಲಸ ಬಿಟ್ಟರು. ಬಿಡುಗಡೆ ಪತ್ರದಲ್ಲಿ ಲ್ಯಾಪ್‌ಟಾಪ್ ಬಂದಿದೆ, ಕೀಲಿ ಬಂದಿದೆ. 'ಕಾರ್ಡ್ ವಾಪಸು' ಎಂಬಲ್ಲಿ 'ಅನ್ವಯಿಸುವುದಿಲ್ಲ' ಎಂದು ಬರೆದು ಸಹಿ ಹಾಕಿದೆ. ಪ್ಲಾಸ್ಟಿಕ್ ತುಂಡು ನನ್ನ ಮೇಜಿನ ಮೇಲೆ ಬಿದ್ದಾಗಲೇ ಪಟ್ಟಿಯಿಂದ ಹೆಸರು ತೆಗೆಯುವುದು ನನ್ನ ರೂಢಿಯಾಗಿತ್ತು. ಈ ಬಾರಿ ಮೇಜಿನ ಮೇಲೆ ಏನೂ ಬೀಳಲಿಲ್ಲ.

ಎರಡು ತಿಂಗಳ ನಂತರ ಅವರು ಹಳೆಯ ಗೆಳೆಯರೊಂದಿಗೆ ಊಟಕ್ಕೆ ಬಂದರು. ಅಭ್ಯಾಸಬಲದಿಂದ ಕೈ ಚಾಚಿದರು, ಬಾಗಿಲು ತೆರೆಯಿತು. ನೇರವಾಗಿ ನನ್ನ ಬಳಿ ಬಂದು, "ನಾನು ಇನ್ನೂ ಒಳಗೆ ಬರಬಲ್ಲೆ, ಇದು ಸರಿಯಲ್ಲ" ಎಂದರು. ಅವರ ಪ್ರಾಮಾಣಿಕತೆಗೆ ನಾನು ಇಂದಿಗೂ ಋಣಿ.

ಈಗ ನಮ್ಮಲ್ಲಿ ಪ್ರತಿ ಸಂಖ್ಯೆಗೂ ನೌಕರಿಯ ಕೊನೆಯ ದಿನವೇ ಅವಧಿ ಮುಗಿಯುತ್ತದೆ, ಅದು ಕಾರ್ಡಿನಲ್ಲಿರಲಿ, ಕೈಯಲ್ಲಿರಲಿ. ನೌಕರರು ಚಿಪ್ ಹಾಕಿಸಿಕೊಳ್ಳಲೇಬೇಕೆಂದು ಯಾವ ಸಂಸ್ಥೆಯೂ ಹೇಳಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 2006ರಲ್ಲೇ ಅಂಥ ಒತ್ತಾಯವನ್ನು ಕಾನೂನಿನಿಂದ ತಡೆದಿದೆ.

ಅಂದು ಅವರ ಎದುರಿಗೇ ಪಟ್ಟಿಯಲ್ಲಿ ಅವರ ಹೆಸರಿದ್ದ ಸಾಲನ್ನು ಅಳಿಸಿದೆ. ಅವರು ಹೊರಗೆ ಹೋಗಿ ಮತ್ತೆ ಕೈ ಇಟ್ಟರು. ಕೆಂಪು ದೀಪ ಹತ್ತಿತು. ಗಾಜಿನಾಚೆಯಿಂದ ತಲೆದೂಗಿದರು. ನಾನು ಒಳಗಿನಿಂದ ಬಾಗಿಲು ತೆರೆದೆ.